ಕೀನೈ ಹೊಳೆಯಲ್ಲಿ ಫ್ಲೈ ಗಾಳ: ಮಳೆಯೇ ಇಲ್ಲ, ನೀರು ಏರ್ತಿದೆ, ಟ್ರೌಟ್ ಎಲ್ಲಿ ಹುಡುಕೋದು?

ಹೊಳೆಸಾಲು:
ಅಲಾಸ್ಕದ ಕೀನೈ ಹೊಳೆ ಬಲ್ಲವರು ದಯವಿಟ್ಟು ಹೇಳಿ. ಜಾಗ ಮೇಲಿನ ಕೀನೈ, ಅಂದ್ರೆ ಕೂಪರ್ ಲ್ಯಾಂಡಿಂಗ್ ಸೇತುವೆಯಿಂದ ಜಿಮ್ಸ್ ಲ್ಯಾಂಡಿಂಗ್ ತನಕ. ಕಾಲ ಆಗಸ್ಟ್ ಎರಡನೇ ವಾರ. 9 ಅಡಿಯ 7 ವೇಟ್ (ರಾಡ್‌ನ ಬಲದ ನಂಬರ್) ರಾಡ್, ತೇಲುವ ಲೈನ್, ಬೆಂಡು, ಕೆಳಗೆ ಸಾಲ್ಮನ್ ಮೊಟ್ಟೆಯಂತೆ ಕಾಣೋ 10 ಮಿ.ಮೀ. ಕಿತ್ತಳೆ ಪ್ಲಾಸ್ಟಿಕ್ ಮಣಿ, ಮಣಿಯಿಂದ 4 ಇಂಚು ಕೆಳಗೆ ಗಾಳ. ಪ್ರಶ್ನೆ ಮೂರು.

ಒಂದು, ವಾರದಿಂದ ಹನಿ ಮಳೆ ಇಲ್ಲ, ಒಳ್ಳೇ ಬಿಸಿಲು. ಆದ್ರೂ ನೀರು ಏರ್ತಾನೇ ಇದೆ, ಬಣ್ಣ ಹಾಲು ಬೆರೆಸಿದ ಹಸಿರು. ನಮ್ಮ ಮಲೆನಾಡಿನ ಲೆಕ್ಕಕ್ಕೆ ಇದು ಪೂರ್ತಿ ತಲೆಕೆಳಗು. ಎರಡು, ಈ ನೀರಲ್ಲಿ ರೇನ್‌ಬೋ ಟ್ರೌಟ್‌ಗೆ ಮಣಿ ಕಾಣುತ್ತಾ? ಗಂಟೆಗಟ್ಟಲೆ ಬೀಸಿದ್ರೂ ಬೆಂಡು ಅಲುಗಲ್ಲ. ಮೂರು, ಸಾಕೈ ಸಾಲ್ಮನ್ ಕಣ್ಣೆದುರೇ ಸಾಲುಗಟ್ಟಿ ಹತ್ತುತ್ತವೆ, ಯಾವ ಫ್ಲೈ (ಗರಿ, ತುಪ್ಪಳ ಕಟ್ಟಿದ ಕೃತಕ ಎರೆ) ಕೊಟ್ಟರೂ ಮೂಸಿ ನೋಡಲ್ಲ. ಯಾಕೆ?

ಹಿಮಗಲ್ಲು:
ಮೊದಲನೇದಕ್ಕೆ ನಾನು ಹೇಳ್ತೀನಿ. ಇದು ಮಳೆ ಹೊಳೆ ಅಲ್ಲ, ಹಿಮನದಿ ಕರಗಿ ಹರಿಯುವ ಹೊಳೆ. ಇಲ್ಲಿ ಬಿಸಿಲೇ ಮಳೆ. ಬರೀ ಹಿಮ ಕರಗಿ ತುಂಬುವ ಹೊಳೆ ಮೇ-ಜೂನ್‌ನಲ್ಲಿ ಉಕ್ಕಿ ಜುಲೈಗೆ ಇಳಿದುಬಿಡುತ್ತೆ. ಕೀನೈ ಹಾಗಲ್ಲ. ಮೇಲಿನ ಹೊಸ ಹಿಮ ಕರಗಿ ಹೋದ ಮೇಲೆ ಹಳೇ ನೀಲಿ ಮಂಜುಗಡ್ಡೆ ಬಿಸಿಲಿಗೆ ಬೀಳುತ್ತೆ, ಅದಕ್ಕೇ ಜುಲೈ ಕೊನೆ, ಆಗಸ್ಟ್‌ನಲ್ಲಿ ನೀರು ತುತ್ತತುದಿ. ಮೋಡ ಕವಿದು ನಾಲ್ಕು ದಿನ ಚಳಿ ಹಿಡಿದರೆ ಇಳಿಯುತ್ತೆ.

ಬಣ್ಣದ ವಿಷಯ. ಹಿಮನದಿ ಬಂಡೆಯ ಮೇಲೆ ಜಾರುವಾಗ ಅರೆಯುವ ಕಲ್ಲಿನ ಹಿಟ್ಟು ಅದು. ಒಂದು ಗಾಜಿನ ಲೋಟದಲ್ಲಿ ಆ ನೀರು ಹಿಡಿದು ಬಿಸಿಲಿಗೆ ಎತ್ತಿ ನೋಡಿ: ತಳದಲ್ಲಿ ಕೆಸರು ಕೂರಲ್ಲ, ನೀರಿನೊಳಗೆಲ್ಲ ತೆಳ್ಳನೆ ಮಬ್ಬು ತೇಲ್ತಾ ಇರುತ್ತೆ, ಗಂಟೆ ಬಿಟ್ಟು ನೋಡಿದರೂ ಹಾಗೇ. ನಮ್ಮ ಮಳೆಗಾಲದ ಕೆಂಪು ಹೊಳೆಯ ಮಣ್ಣು ಇಷ್ಟು ಹೊತ್ತಿಗೆ ತಳ ಸೇರಿರುತ್ತೆ. ಮರಳು, ದಪ್ಪ ಹೂಳು ಎಲ್ಲ ಮೇಲೆ 35 ಕಿ.ಮೀ. ಉದ್ದದ ಕೀನೈ ಸರೋವರದಲ್ಲೇ ಕೂತುಬಿಡುತ್ತೆ, ಅತಿ ನುಣುಪಿನದು ಮಾತ್ರ ಹೊಳೆಗೆ ಇಳಿಯುತ್ತೆ. ಆ ಸರೋವರ ಇಲ್ಲದಿದ್ರೆ ಇಲ್ಲಿ ಟ್ರೌಟ್ ಇಷ್ಟು ದಪ್ಪ ಬೆಳೀತಿರಲಿಲ್ಲ.

ಗಾಳದಾರ:
ಹಾಗಾದ್ರೆ ಸುಲಭ ಅಲ್ವಾ, ಬೆಳಿಗ್ಗೆ ಐದಕ್ಕೇ ಹೋಗಿ. ರಾತ್ರಿ ಕರಗೋದು ಕಮ್ಮಿ, ಬೆಳಿಗ್ಗೆ ನೀರು ಇಳಿದಿರುತ್ತೆ, ಸಂಜೆ ಏರುತ್ತೆ.

ಹಿಮಗಲ್ಲು:
@ಗಾಳದಾರ, ಹಿಮನದಿಯ ಬುಡದಲ್ಲಿರೋ ಸಣ್ಣ ಹೊಳೆಗೆ ಅದು ನಿಜ. ಕೀನೈ ಸರೋವರಕ್ಕೆ ಬೀಳುವ ಸ್ನೋ ರಿವರ್‌ನಲ್ಲಿ ಬೆಳಿಗ್ಗೆ-ಸಂಜೆ ವ್ಯತ್ಯಾಸ ಇದೆ. ಕೂಪರ್ ಲ್ಯಾಂಡಿಂಗ್‌ನಲ್ಲಿ ಇಲ್ಲ. ನಡುವೆ ಅಷ್ಟು ದೊಡ್ಡ ಸರೋವರ ಇರೋದರಿಂದ ದಿನದ ಏರಿಳಿತ ಅದರಲ್ಲೇ ಕರಗಿಹೋಗುತ್ತೆ. ಇಲ್ಲಿ ನೋಡಬೇಕಾದ್ದು ಗಂಟೆಯ ಲೆಕ್ಕ ಅಲ್ಲ, ವಾರದ ಲೆಕ್ಕ. ಅಮೆರಿಕದ ಭೂವಿಜ್ಞಾನ ಇಲಾಖೆಯ ಮಾಪಕ ಕೂಪರ್ ಲ್ಯಾಂಡಿಂಗ್‌ನಲ್ಲೇ ಇದೆ, ಅಂಕಿ ಅಂತರ್ಜಾಲದಲ್ಲಿ ಸಿಗುತ್ತೆ. ಹೋಗೋ ಮೊದಲು ಹತ್ತು ದಿನದ ಗೆರೆ ನೋಡಿ: ಮೇಲಕ್ಕೆ ಹೋಗ್ತಿದ್ರೆ ಮೀನು ದಂಡೆಯ ಕಡೆ ಸರಿದಿರುತ್ತೆ, ಇಳೀತಿದ್ರೆ ನಡುಹೊಳೆಯ ಜಲ್ಲಿ ದಿಬ್ಬಗಳ ಅಂಚಿಗೆ ಹೋಗಿರುತ್ತೆ.

ಗಾಳದಾರ:
ಸರಿ, ಒಪ್ಪಿದೆ. ಸರೋವರ ಲೆಕ್ಕಕ್ಕೆ ತಗೊಂಡಿರಲಿಲ್ಲ.

ಬೆಂಡುನೋಟ:
ಎರಡನೇ ಪ್ರಶ್ನೆ. ಮಣಿ ಕಾಣುತ್ತಾ ಅಂದ್ರೆ ಕಾಣುತ್ತೆ, ಆದ್ರೆ ಎರಡು ಮೂರು ಅಡಿ ಹತ್ತಿರಕ್ಕೆ ಬಂದಾಗ ಮಾತ್ರ. ಟ್ರೌಟ್ ತಳದಲ್ಲಿ ಕೂತಿದೆ, ನಿಮ್ಮ ಮಣಿ ಅದರ ತಲೆ ಮೇಲೆ ಮೂರಡಿ ಎತ್ತರದಲ್ಲಿ ಓಡ್ತಿದೆ. ಅಷ್ಟೇ ಸಮಸ್ಯೆ. ಬಣ್ಣ ಬದಲಾಯಿಸ್ತಾ ಕೂರೋ ಮೊದಲು ಆಳ ಸರಿ ಮಾಡಿ.

ಕಟ್ಟೋದು ಹೀಗೆ. ಬೆಂಡಿನಿಂದ ಗಾಳದವರೆಗಿನ ಉದ್ದ ನೀರಿನ ಆಳದ ಒಂದೂವರೆ ಪಟ್ಟು. ನಾಲ್ಕಡಿ ನೀರಿಗೆ ಆರಡಿ. ಕೊನೆಯ ದಾರ 10 ಪೌಂಡ್‌ನ ಫ್ಲೋರೋಕಾರ್ಬನ್. ಈ ಬಣ್ಣದ ನೀರಲ್ಲಿ ಟ್ರೌಟ್‌ಗೆ ದಾರದ ದಪ್ಪ ಕಾಣಲ್ಲ, 6 ಪೌಂಡ್ ಕಟ್ಟಿ ಮೀನನ್ನ ಅರ್ಧ ಗಂಟೆ ಆಡಿಸಿ ಸುಸ್ತು ಮಾಡಿ ಸಾಯಿಸಬೇಡಿ. ಸೀಸದ ಗುಂಡು ಮಣಿಗಿಂತ 18ರಿಂದ 24 ಇಂಚು ಮೇಲೆ. ಒಂದೇ ದೊಡ್ಡ ಗುಂಡು ಹಾಕಬೇಡಿ, 0.4 ಗ್ರಾಂನವು ಮೂರು ನಾಲ್ಕು ಹಾಕಿ. ಒಂದೊಂದೇ ಸೇರಿಸೋದು, ತೆಗೆಯೋದು ಸುಲಭ.

ಸರಿಯಾಗಿದೆಯಾ ಅಂತ ತಿಳಿಯೋದು ಹೇಗೆ? ಬೆಂಡಿನ ಪಕ್ಕದ ನೊರೆಗುಳ್ಳೆ ನೋಡಿ. ಹೊಳೆಯ ಮೇಲ್ಮೈ ವೇಗವಾಗಿ ಓಡುತ್ತೆ, ತಳದ ನೀರು ನಿಧಾನ. ನಿಮ್ಮ ಬೆಂಡು ನೊರೆಯ ಜೊತೆಜೊತೆಗೇ ಹೋಗ್ತಿದ್ರೆ ಮಣಿ ತಳ ಮುಟ್ಟಿಲ್ಲ. ನೊರೆ ಬೆಂಡನ್ನ ದಾಟಿ ಮುಂದೆ ಹೋಗಬೇಕು. ಮೂರು ನಾಲ್ಕು ಸೆಕೆಂಡಿಗೊಮ್ಮೆ ಬೆಂಡು ಸಣ್ಣಗೆ ತಲೆ ಬಗ್ಗಿಸಿದ್ರೆ ಗುಂಡು ಕಲ್ಲು ಸವರ್ತಿದೆ ಅಂತ. ಸತತ ನಡುಗಿದ್ರೆ ಒಂದು ಗುಂಡು ತೆಗೀರಿ. ಒಮ್ಮೆಯೂ ಬಗ್ಗದಿದ್ರೆ ಒಂದು ಸೇರಿಸಿ.

ಬೆಂಡು ಬಗ್ಗಿದಾಗ ರಾಡ್ ಆಕಾಶಕ್ಕೆ ಎತ್ತಬೇಡಿ. ಕೆಳಗಿನ ದಂಡೆ ಕಡೆಗೆ, ನೀರಿಗೆ ಸಮಾನವಾಗಿ ಅಡ್ಡ ಎಳೀರಿ. ಮೀನು ಸೆಳವಿಗೆ ಮುಖ ಮಾಡಿ ನಿಂತಿರುತ್ತೆ, ಕೆಳಕ್ಕೆ ಎಳೆದ ಗಾಳ ಬಾಯಿಯ ಮೂಲೆಗೆ ಹೊಕ್ಕುತ್ತೆ. ಮೇಲಕ್ಕೆ ಎತ್ತಿದ್ರೆ ಬಾಯಿಂದ ಕಿತ್ತು ಬರುತ್ತೆ.

ನಿಯಮಪಾಲ:
ಬೆಂಡುನೋಟ ಅವರ ಮಾತೆಲ್ಲ ಸರಿ, ಆದ್ರೆ ಮುಖ್ಯವಾದದ್ದು ಬಿಟ್ಟುಹೋಯ್ತು. ಹೊಳೆಸಾಲು ಅವರೇ, ಮಣಿಯಿಂದ ಗಾಳಕ್ಕೆ 4 ಇಂಚು ಅಂದ್ರಿ. ಅಲಾಸ್ಕದಲ್ಲಿ ಅದು ಕಾನೂನುಬಾಹಿರ. ಮಣಿಯನ್ನ ಬಿಗಿ ಮಾಡಿದ್ರೆ ಗಾಳದಿಂದ 2 ಇಂಚಿನೊಳಗೇ ಇರಬೇಕು, ಇಲ್ಲಾ ದಾರದ ಮೇಲೆ ಸಲೀಸಾಗಿ ಜಾರುವಂತಿರಬೇಕು. ಇವತ್ತೇ ಬದಲಾಯಿಸಿ.

ಹೊಳೆಸಾಲು:
ಗೊತ್ತಿರಲಿಲ್ಲ, ಧನ್ಯವಾದ. 2 ಇಂಚೇ ಯಾಕೆ ಅಂತ ಕಾರಣ ಇದೆಯಾ?

ಬೆಂಡುನೋಟ:
ಇದೆ. ಟ್ರೌಟ್ ಕಚ್ಚೋದು ಮಣಿಯನ್ನ, ಗಾಳವನ್ನಲ್ಲ. ಮಣಿ ಬಾಯಲ್ಲಿ, ಗಾಳ ಹೊರಗೆ. ನೀವು ಎಳೆದಾಗ ಮಣಿ ಜಾರಿ ಗಾಳ ಬಾಯಿಯ ಹೊರಮೂಲೆಗೆ ಬಂದು ಸಿಕ್ಕುತ್ತೆ. 2 ಇಂಚಾದ್ರೆ ದವಡೆಯ ಅಂಚು. 4 ಇಂಚಾದ್ರೆ ಗಾಳ ಕಣ್ಣಿಗೋ ಕಿವಿರಿನ ಮುಚ್ಚಳಕ್ಕೋ ಹೋಗುತ್ತೆ. ಒಂದು ಕಣ್ಣು ಹೋದ ದೊಡ್ಡ ರೇನ್‌ಬೋಗಳು ಇಂಥ ಹೊಳೆಗಳಲ್ಲಿ ಕಾಣಸಿಗೋದು ಇದೇ ಕಾರಣಕ್ಕೆ. ಒಂದೂವರೆ ಇಂಚು ಇಟ್ಟರೆ ಇನ್ನೂ ಒಳ್ಳೇದು. ಗಾಳ 6 ಅಥವಾ 8ನೇ ನಂಬರ್, ಕಾಲು ಗಿಡ್ಡದು, ಮುಳ್ಳು ಚಪ್ಪಟೆ ಮಾಡಿದ್ದು.

ಕೊಕ್ಕೆಗಣ್ಣು:
ಮಣಿ ಬಿಗಿ ಮಾಡೋಕೆ ಹಲ್ಲುಕಡ್ಡಿ ತುರುಕಬೇಡಿ. ಕಡ್ಡಿಯ ಅಂಚು ಫ್ಲೋರೋಕಾರ್ಬನ್ ಮೇಲೆ ಗೀರು ಹಾಕುತ್ತೆ, ದೊಡ್ಡ ಮೀನು ಸರಿಯಾಗಿ ಅಲ್ಲೇ ಕಡೀತದೆ. ಈಗ ಮೆತ್ತನೆ ರಬ್ಬರ್ ಬೆಣೆ ಸಿಗ್ತವೆ.

ಬೆಂಡುನೋಟ:
ಕಡ್ಡಿ ತಪ್ಪಲ್ಲ, ತುರುಕೋ ರೀತಿ ತಪ್ಪು. ಒದ್ದೆ ಮಾಡಿ, ಮಣಿಯ ಮೇಲ್ಗಡೆಯಿಂದ ಹಾಕಿ, ಮಟ್ಟಸವಾಗಿ ಕತ್ತರಿಸಿದ್ರೆ ಗೀರು ಬೀಳಲ್ಲ. ರಬ್ಬರ್ ಬೆಣೆ ತಣ್ಣೀರಲ್ಲಿ ಗಟ್ಟಿಯಾಗಿ ಜಾರುತ್ತೆ.

ಕೊಕ್ಕೆಗಣ್ಣು:
ಜಾರೋದೇ ಬೇಕು ಸ್ವಾಮಿ! ಮೀನು ಸಿಕ್ಕ ಮೇಲೆ ಮಣಿ ಮೇಲಕ್ಕೆ ಜಾರಿದ್ರೆ ಗಾಳದ ಮೇಲೆ ಒತ್ತಡ ಬೀಳಲ್ಲ. ಕಡ್ಡಿ ಇಟ್ಟವರು ಪ್ರತೀ ಮೀನಾದ ಮೇಲೂ ಮಣಿ ಇದ್ದ ಜಾಗವನ್ನ ಉಗುರಲ್ಲಿ ಸವರಿ ನೋಡಿ, ಒರಟು ಸಿಕ್ಕಿದ್ರೆ ಕತ್ತರಿಸಿ ಮತ್ತೆ ಕಟ್ಟಿ. ಅದೊಂದು ಮಾಡಿದ್ರೆ ಕಡ್ಡಿಯಾದ್ರೂ ಪರವಾಗಿಲ್ಲ.

ತುಂಗಾತಟ:
ನಡುವೆ ಒಂದು ಪ್ರಶ್ನೆ. ಕಾವೇರಿಯಲ್ಲಿ ಬಿಳಿಮೀನಿಗೆ, ಅಂದ್ರೆ ಮಹಶೀರ್‌ಗೆ, ರಾಗಿ ಮುದ್ದೆ ಗಾಳಕ್ಕೆ ಮೆತ್ತಿ ಹಾಕ್ತಿದ್ರು. ಇಲ್ಲಿ ನಿಜವಾದ ಸಾಲ್ಮನ್ ಮೊಟ್ಟೆಯನ್ನೇ ಹಾಕಬಹುದಲ್ಲ, ಪ್ಲಾಸ್ಟಿಕ್ ಮಣಿ ಯಾಕೆ?

ನಿಯಮಪಾಲ:
ಮೇಲಿನ ಕೀನೈಯಲ್ಲಿ ಆಹಾರದ ಎರೆ ನಿಷೇಧ. ಒಂದೇ ಮೊನೆಯ, ಎರೆ ಇಲ್ಲದ, ಕೃತಕ ಗಾಳ ಮಾತ್ರ. ಮೊಟ್ಟೆ, ಹುಳ, ಹಿಟ್ಟು ಯಾವುದೂ ಆಗಲ್ಲ. ಕಾರಣ ಸ್ಪಷ್ಟ: ರುಚಿ ಇರುವ ಎರೆಯನ್ನ ಮೀನು ನುಂಗುತ್ತೆ, ಗಾಳ ಗಂಟಲಿಗೆ ಹೋಗುತ್ತೆ, ಬಿಟ್ಟರೂ ಬದುಕಲ್ಲ. ಗಟ್ಟಿ ಮಣಿಯನ್ನ ಅರೆಗಳಿಗೆಯಲ್ಲಿ ಉಗಿದುಬಿಡುತ್ತೆ. ಇಲ್ಲಿ 16 ಇಂಚು ಮತ್ತು ಅದಕ್ಕಿಂತ ದೊಡ್ಡ ರೇನ್‌ಬೋ ಎಲ್ಲಾ ಬಿಡಲೇಬೇಕಾದ್ದು, ಹಾಗಾಗಿ ಇದು ಮುಖ್ಯ.

ಮಹಶೀರ್ ಮಾತು ಬಂತು ಅಂತ ಹೇಳ್ತೀನಿ: ಕಾವೇರಿಯ ಗೂನುಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಪಟ್ಟಿಗೆ ಸೇರಿದೆ. ಅಲ್ಲಿಯ ಅಭಯಾರಣ್ಯದೊಳಗೆ ಈಗ ಗಾಳದ ಯೋಚನೆಯೇ ಬೇಡ.

ಹೊಳೆಸಾಲು:
ಮಣಿಯ ಅಳತೆ, ಬಣ್ಣ?

ಬೆಂಡುನೋಟ:
ಯಾವ ಸಾಲ್ಮನ್ ಮೊಟ್ಟೆ ಇಡ್ತಿದೆ ಅನ್ನೋದರ ಮೇಲೆ. ಕಿಂಗ್ ಸಾಲ್ಮನ್ ಮೊಟ್ಟೆಗೆ 10 ಮಿ.ಮೀ., ಸಾಕೈಗೆ 8 ಅಥವಾ 6. ಹೊಸ ಮೊಟ್ಟೆ ಪಾರದರ್ಶಕ, ಹೊಳೆಯುವ ಕಿತ್ತಳೆ. ಗೂಡಿಂದ ಕಿತ್ತುಬಂದು ಸತ್ತ ಮೊಟ್ಟೆ ಬಿಳಿಚಿ ಕೆನೆಬಣ್ಣಕ್ಕೆ ತಿರುಗುತ್ತೆ, ಒಳಗೆ ಬೆಳಕು ಹೋಗಲ್ಲ. ತಳದಲ್ಲಿ ಉರುಳ್ತಾ ಬರೋದರಲ್ಲಿ ಸತ್ತದ್ದೇ ಹೆಚ್ಚು, ಹಾಗಾಗಿ ಮಂಕು ಪೀಚ್ ಬಣ್ಣದ ಮಣಿ ಬಹಳ ಸಲ ಹೊಳೆಯುವ ಮಣಿಗಿಂತ ಚೆನ್ನಾಗಿ ನಡೆಯುತ್ತೆ. ಮಣಿಗೆ ತೆಳ್ಳಗೆ ಉಗುರುಬಣ್ಣ ಬಳಿದು ಒಂದು ಕಡೆ ಬಿಳಿಚಿಸಿಕೊಳ್ಳೋರೂ ಇದ್ದಾರೆ.

ಆದ್ರೆ ಕೇಳಿ: ಆಗಸ್ಟ್ ಎರಡನೇ ವಾರ ಮಣಿಗೆ ಇನ್ನೂ ಮುಂಚೆ. ಸಾಕೈ ಹೆಚ್ಚಿನವು ಮೊಟ್ಟೆ ಇಡೋಕೆ ಶುರು ಮಾಡಿರಲ್ಲ. ಆ ವಾರ ನಾನಾಗಿದ್ರೆ ಮೊದಲು ಮಾಂಸದ ಫ್ಲೈ, ಅಂದ್ರೆ ಸಾಲ್ಮನ್ ಮಾಂಸದ ಚೂರಿನಂತೆ ಕಾಣೋ ಫ್ಲೈ ಕಟ್ತೀನಿ.

ಕೊಕ್ಕೆಗಣ್ಣು:
ಇದನ್ನೇ ಹೇಳಬೇಕು ಅಂತಿದ್ದೆ. ರಷ್ಯನ್ ರಿವರ್ ಕೀನೈಗೆ ಸೇರುವ ಕಡೆ ಜನ ಸಾಕೈ ಹಿಡಿದು ಕುಯ್ತಾರೆ, ಚೂರು ಮಾಂಸ, ಚರ್ಮ ಎಲ್ಲ ಸೆಳವಿನಲ್ಲಿ ಕೆಳಗೆ ಹೋಗುತ್ತೆ. ಆ ಸಂಗಮದಿಂದ ಕೆಳಗೆ ಟ್ರೌಟ್ ಅದಕ್ಕೇ ಕಾದಿರುತ್ತೆ. ಮೊಲದ ತುಪ್ಪಳದ ಒಂದೂವರೆ-ಎರಡು ಇಂಚಿನ ಪಟ್ಟಿ, 4ನೇ ನಂಬರ್ ಗಾಳ, ಅಷ್ಟೇ ಫ್ಲೈ. ತಾಜಾ ಕುಯ್ದ ಕಾಲದಲ್ಲಿ ಗುಲಾಬಿ-ಕಿತ್ತಳೆ. ಸೆಪ್ಟೆಂಬರ್ ಕೊನೆಗೆ ಸತ್ತ ಸಾಲ್ಮನ್ ಕೊಳೆತು ಬಿಳಿಚಿದಾಗ ಕೆನೆ, ತಿಳಿಕಂದು. ಅದಕ್ಕೆ ಜೀವ ಕೊಟ್ಟು ಎಳೆದಾಡಬೇಡಿ, ಸತ್ತ ಮಾಂಸ ಸುಮ್ಮನೆ ತೇಲಿಕೊಂಡು ಹೋಗಬೇಕು.

ಕೆಂಪುಬೆನ್ನು:
ಮೂರನೇ ಪ್ರಶ್ನೆ ಯಾರೂ ಮುಟ್ಟಿಲ್ಲ. ಸಾಕೈ ಫ್ಲೈ ಮೂಸಲ್ಲ ಯಾಕೆ? ಸಮುದ್ರದಲ್ಲಿ ಅದರ ಆಹಾರ ಮುಖ್ಯವಾಗಿ ಸಣ್ಣ ಸಣ್ಣ ಪ್ಲವಕ ಜೀವಿಗಳು, ಸೋಸಿಕೊಂಡು ತಿನ್ನೋ ಮೀನು. ಸಿಹಿನೀರಿಗೆ ಬಂದ ಮೇಲೆ ತಿನ್ನೋದನ್ನೂ ನಿಲ್ಲಿಸುತ್ತೆ. ಹಾಗಾಗಿ ಫ್ಲೈಯ ಬಣ್ಣ, ಹೊಳಪು ಯಾವುದೂ ಲೆಕ್ಕಕ್ಕಿಲ್ಲ. ಕೀನೈಯಲ್ಲಿ ನಡೆಯೋದು ದಾರವನ್ನ ಅದರ ತೆರೆದ ಬಾಯಿಯ ಮೂಲಕ ಹಾಯಿಸೋದು, ಆಗ ಗಾಳ ಬಾಯಿಯ ಅಂಚಿಗೆ ಸಿಕ್ಕುತ್ತೆ.

7 ವೇಟ್ ಬಿಟ್ಟು 8 ಅಥವಾ 9 ತಗೊಳ್ಳಿ. 20-25 ಪೌಂಡ್ ದಾರ. ಅರ್ಧ ಔನ್ಸ್‌ನಿಂದ ಮುಕ್ಕಾಲು ಔನ್ಸ್ ತೂಕ, ಅದರಿಂದ ಮೂರು ನಾಲ್ಕು ಅಡಿ ಕೆಳಗೆ ಫ್ಲೈ. ರಷ್ಯನ್ ರಿವರ್‌ನ ಫ್ಲೈ-ಮಾತ್ರ ಪ್ರದೇಶದಲ್ಲಿ ತೂಕ ಫ್ಲೈಗಿಂತ ಕನಿಷ್ಠ 18 ಇಂಚು ಮೇಲಿರಬೇಕು, ಗಾಳದ ಮೊನೆಗೂ ಕಾಲಿಗೂ ನಡುವೆ ಮುಕ್ಕಾಲು ಇಂಚಿನ ಅರ್ಧ, ಅಂದ್ರೆ ಎಂಟರಲ್ಲಿ ಮೂರು ಇಂಚಿಗಿಂತ ಹೆಚ್ಚು ಬಿಡುವು ಇರಬಾರದು. ಅಳತೆಪಟ್ಟಿ ಜೇಬಲ್ಲಿರಲಿ.

ರಾಡ್‌ನ ತುದಿಯಿಂದ 15 ಅಡಿ ದಾರ ಸಾಕು. ರೀಲಿಂದ ಇನ್ನೂ ಎಳೀಬೇಡಿ. ಮೇಲ್ಸೆಳವಿಗೆ ಓರೆಯಾಗಿ, ಗಡಿಯಾರದ ಹತ್ತು ಗಂಟೆಯ ದಿಕ್ಕಿಗೆ ಎಸೀರಿ. ತೂಕ ಕಲ್ಲಿಗೆ ಟಕ್ ಟಕ್ ಅಂತ ತಾಗುತ್ತಾ ಬರಬೇಕು. ತುದಿಯನ್ನ ಅದರ ಜೊತೆ ತಿರುಗಿಸ್ತಾ ಎರಡು ಗಂಟೆಯ ದಿಕ್ಕಿಗೆ ಬಂದಾಗ ಎತ್ತಿ ಮತ್ತೆ ಎಸೀರಿ. ಟಕ್ ಟಕ್ ನಿಂತು ದಾರ ಬಿಗಿದರೆ ಅದು ಮೀನು.

ಎಲ್ಲರೂ ಮಾಡೋ ತಪ್ಪು ಒಂದೇ: ಸೊಂಟದ ತನಕ ಇಳಿದು ನಡುಹೊಳೆಗೆ ಎಸೆಯೋದು. ಸಾಕೈ ಸೆಳವಿನ ಶ್ರಮ ಉಳಿಸೋಕೆ ದಂಡೆಯಿಂದ ಮೂರರಿಂದ ಹತ್ತು ಅಡಿ ಒಳಗೇ, ಎರಡು ಮೂರು ಅಡಿ ಆಳದಲ್ಲಿ ಸಾಲಾಗಿ ಹತ್ತುತ್ತೆ. ನೀವು ಇಳಿದು ನಿಂತ ಜಾಗವೇ ಅದರ ದಾರಿ. ಪಾದ ಮುಳುಗುವಷ್ಟು ಇಳಿದು ಅಲ್ಲೇ ನಿಲ್ಲಿ.

ನಡುದಂಡೆ:
ಇದನ್ನ ಗಾಳ ಹಾಕೋದು ಅಂತ ಕರೆಯೋದೇ ತಪ್ಪು. ಮೀನು ಕಚ್ಚಲಿಲ್ಲ, ನೀವು ಸಿಕ್ಕಿಸಿದ್ರಿ. ಫ್ಲೈ ಫಿಶಿಂಗ್ ಅನ್ನೋ ಹೆಸರಿಗೆ ಇದು ಮರ್ಯಾದೆ ಅಲ್ಲ.

ಕೆಂಪುಬೆನ್ನು:
ಊಟಕ್ಕೆ ಮೀನು ಹಿಡಿಯೋ ವಿಧಾನ ಇದು, ನಾನೇನೂ ಇದನ್ನ ಟ್ರೌಟ್ ಗಾಳಕ್ಕೆ ಸಮ ಅಂತ ಹೇಳ್ತಿಲ್ಲ. ಬಾಯಲ್ಲಿ ಸಿಕ್ಕ ಮೀನು ಕಾನೂನುಬದ್ಧ, ಮೈಗೆ ಸಿಕ್ಕಿದ್ದನ್ನ ತಕ್ಷಣ ಬಿಡಬೇಕು. ರೇಖೆ ಅಲ್ಲಿದೆ.

ನಡುದಂಡೆ:
ಬಾಲಕ್ಕೆ ಸಿಕ್ಕ ಮೀನಿನ ಹಿಂದೆ ನೂರು ಗಜ ಓಡಿ, ಪಕ್ಕದ ಹತ್ತು ಜನರ ದಾರ ಗೋಜಲು ಮಾಡಿ, ದಂಡೆಗೆ ಎಳೆದು ಆಮೇಲೆ "ಬಿಟ್ಟೆ" ಅನ್ನೋರನ್ನ ಏನಂತೀರಿ?

ಕೆಂಪುಬೆನ್ನು:
ಅದು ಖಂಡಿತ ತಪ್ಪು. ಮೀನು ಬಾಲ ಮುಂದಾಗಿ ಕೆಳಕ್ಕೆ ಓಡಿದ್ರೆ ಮೈಗೆ ಸಿಕ್ಕಿದೆ ಅಂತ ಮೊದಲ ಕ್ಷಣದಲ್ಲೇ ಗೊತ್ತಾಗುತ್ತೆ. ರಾಡ್ ನೇರ ಮೀನಿನ ಕಡೆ ಚಾಚಿ, ದಾರ ಕೈಯಲ್ಲಿ ಬಿಗಿ ಹಿಡಿದು ಕಡಿದುಬಿಡಿ. ಒಂದು ಫ್ಲೈ ಹೋಗುತ್ತೆ, ಹೋಗಲಿ.

ಸೆಳವು:
ಇನ್ನೊಂದು. ಕಣ್ಣಿಗೆ ಕನ್ನಡಕ ಇಲ್ಲದೆ ಆ ಸಾಲಲ್ಲಿ ನಿಲ್ಲಬೇಡಿ. ಗಾಳ ಕಿತ್ತಾಗ ಮುಕ್ಕಾಲು ಔನ್ಸ್ ಸೀಸ ನೇರ ಮುಖಕ್ಕೆ ಹಾರಿ ಬರುತ್ತೆ. ಪೋಲರಾಯ್ಡ್ ಕನ್ನಡಕ ಮೀನು ಕಾಣೋಕೂ ಬೇಕು, ಕಣ್ಣು ಉಳಿಯೋಕೂ ಬೇಕು. ಟೋಪಿಯ ಅಂಚು ಅಗಲವಾಗಿರಲಿ.

ನಿಯಮಪಾಲ:
ದಿನಾಂಕ ನೆನಪಿರಲಿ: ಮೇಲಿನ ಕೀನೈ ಮತ್ತು ರಷ್ಯನ್ ರಿವರ್‌ನಲ್ಲಿ ಸಾಕೈ ಜೂನ್ 11ರಿಂದ ಆಗಸ್ಟ್ 20ರ ತನಕ ಮಾತ್ರ. ಸಾಮಾನ್ಯ ಮಿತಿ ದಿನಕ್ಕೆ 3. ಮೀನಿನ ಸಂಖ್ಯೆ ನೋಡಿ ಇಲಾಖೆ ಋತುವಿನ ನಡುವೆಯೇ ತುರ್ತು ಆದೇಶ ಹೊರಡಿಸಿ ಏರಿಸುತ್ತೆ, ಇಳಿಸುತ್ತೆ, ಮುಚ್ಚಲೂಬಹುದು. ಹೊರಡುವ ದಿನ ಬೆಳಿಗ್ಗೆ ಅಲಾಸ್ಕ ಮೀನುಗಾರಿಕೆ ಇಲಾಖೆಯ ಪುಟ ನೋಡಲೇಬೇಕು. ಪುಸ್ತಕದಲ್ಲಿ ಅಚ್ಚಾದದ್ದು ಸಾಲದು.

ಕಡಲಮನೆ:
ನಮ್ಮ ಪರಿಚಯದವರು ಸಿಯಾಟಲ್‌ನಿಂದ ಹೋಗ್ತಿದ್ದಾರೆ. ಕೀನೈ ಹೊಳೆ ಕಡಲು ಸೇರೋ ಕಡೆ ಬಲೆ ಹಿಡಿದು ನಿಂತು ಒಂದೇ ದಿನ ಇಪ್ಪತ್ತೈದು ಹಿಡೀಬಹುದಂತೆ ಹೌದಾ ಮಾರಾಯ್ರೇ? ಗಾಳ ಯಾಕೆ ಮತ್ತೆ?

ನಿಯಮಪಾಲ:
ಅದು ಕೈಬಲೆ, ಜುಲೈ 10ರಿಂದ 31ರ ತನಕ, ಅಲಾಸ್ಕ ನಿವಾಸಿಗಳಿಗೆ ಮಾತ್ರ. ಮನೆಯ ಯಜಮಾನನಿಗೆ 25, ಉಳಿದ ಪ್ರತಿ ಸದಸ್ಯನಿಗೆ 10, ಅದು ಇಡೀ ವರ್ಷದ ಲೆಕ್ಕ. ಸಿಯಾಟಲ್‌ನಿಂದ ಹೋದವರು ಬಲೆ ಮುಟ್ಟುವಂತಿಲ್ಲ, ನಿವಾಸಿ ಗೆಳೆಯನಿಗೆ ಸಹಾಯ ಅಂತ ಹಿಡಿಯೋದೂ ಅಪರಾಧ. ಹೊರಗಿನವರಿಗೆ ಗಾಳದ ಪರವಾನಗಿ ಒಂದು, ಮೂರು, ಏಳು, ಹದಿನಾಲ್ಕು ದಿನಕ್ಕೆ, ಇಲ್ಲಾ ವರ್ಷಕ್ಕೆ ಸಿಗುತ್ತೆ. 16 ತುಂಬದ ಮಕ್ಕಳಿಗೆ ಬೇಡ.

ಗಾಳದಾರ:
ಕಿಂಗ್ ಸಾಲ್ಮನ್? ಕೀನೈ ಅಂದ್ರೆ ಅದೇ ಅಲ್ವಾ, 1985ರಲ್ಲಿ ಲೆಸ್ ಆಂಡರ್ಸನ್ ಹಿಡಿದ 97 ಪೌಂಡ್ 4 ಔನ್ಸ್‌ನ ಮೀನು ಇದೇ ಹೊಳೆಯದ್ದು.

ಕೆಂಪುಬೆನ್ನು:
ಆ ಕಾಲ ಹೋಯ್ತು. ಕಿಂಗ್ ಸಂಖ್ಯೆ ಕುಸಿದಿದೆ. 2023, 2024 ಎರಡೂ ವರ್ಷ ಕೀನೈಯಲ್ಲಿ ಕಿಂಗ್ ಗಾಳ ಮುಚ್ಚಿತ್ತು. ತಪ್ಪಿ ಸಿಕ್ಕಿದ್ರೆ ನೀರಿಂದ ಎತ್ತದೆ ಬಿಡಿ. ಅದಕ್ಕೇ ಸಾಲ್ಮನ್ ಜಾತಿಗಳ ಗುರುತು ಕಲಿಯೋದು ಅತಿ ಮುಖ್ಯ.

ಕಿಂಗ್: ಬಾಲದ ಎರಡೂ ಕವಲಿನ ಮೇಲೆ ಕಪ್ಪು ಚುಕ್ಕೆ, ಕೆಳದವಡೆಯ ಒಸಡು ಕಪ್ಪು. ಕೋಹೋ: ಚುಕ್ಕೆ ಬಾಲದ ಮೇಲಿನ ಕವಲಿನಲ್ಲಿ ಮಾತ್ರ, ಒಸಡು ಬಿಳಿ. ಸಾಕೈ: ಬೆನ್ನು, ಬಾಲದಲ್ಲಿ ದೊಡ್ಡ ಚುಕ್ಕೆಯೇ ಇಲ್ಲ. ಪಿಂಕ್: ಬಾಲದ ಮೇಲೆ ದೊಡ್ಡ ಮೊಟ್ಟೆಯಾಕಾರದ ಚುಕ್ಕೆ, ಕೀನೈಗೆ ದಂಡಿಯಾಗಿ ಬರೋದು ಸಮಸಂಖ್ಯೆಯ ವರ್ಷಗಳಲ್ಲಿ. ಟ್ರೌಟ್ ಜೊತೆ ಡಾಲಿ ವಾರ್ಡನ್ ಕೂಡ ಸಿಗುತ್ತೆ: ಗಾಢ ಮೈ ಮೇಲೆ ತಿಳಿ ಚುಕ್ಕೆ ಇದ್ರೆ ಡಾಲಿ, ತಿಳಿ ಮೈ ಮೇಲೆ ಕಪ್ಪು ಚುಕ್ಕೆ ಇದ್ರೆ ರೇನ್‌ಬೋ.

ತುಂಗಾತಟ:
ಕರಡಿ ಬಗ್ಗೆ ಯಾರೂ ಹೇಳಲಿಲ್ಲ?

ಸೆಳವು:
ರಷ್ಯನ್ ರಿವರ್‌ನಲ್ಲಿ ಕಂದು ಕರಡಿ ದಿನದ ಸಂಗತಿ. ಚೀಲ, ಊಟ, ಹಿಡಿದ ಮೀನು ಎಲ್ಲ ಕೈಗೆ ಸಿಗುವ ದೂರದಲ್ಲೇ ಇರಬೇಕು. ಚೀಲ ದಂಡೆಯಲ್ಲಿಟ್ಟು ಐವತ್ತು ಅಡಿ ದೂರ ಹೋದ್ರೆ ಕರಡಿಗೆ ಜನರ ಚೀಲ ಅಂದ್ರೆ ಊಟ ಅಂತ ಪಾಠ ಆಗುತ್ತೆ, ಆಮೇಲೆ ಆ ಕರಡಿಯನ್ನೇ ಕೊಲ್ಲಬೇಕಾಗುತ್ತೆ. ಮೀನು ಗಾಳದಲ್ಲಿರುವಾಗ ಕರಡಿ ಬಂದ್ರೆ ದಾರ ಕಡೀರಿ. ಮೀನು ಎಗರುವ ಸದ್ದೇ ಅದನ್ನ ಕರೆಯೋದು. ಕರಡಿ ಸ್ಪ್ರೇ ವಿಮಾನದಲ್ಲಿ ತರೋಕಾಗಲ್ಲ, ಲಗೇಜಿನಲ್ಲೂ ಇಲ್ಲ, ಆಂಕರೇಜ್‌ನಲ್ಲಿ ಇಳಿದು ಕೊಂಡುಕೊಳ್ಳಿ. ಸೊಂಟದ ಪಟ್ಟಿಯಲ್ಲಿರಲಿ, ಚೀಲದ ಒಳಗಲ್ಲ.

ಮೀನು ಅಲ್ಲೇ ಕುಯ್ಯಬೇಡಿ, ಇಡಿಯಾಗಿ ಒಯ್ಯಿರಿ. ಕುಯ್ಯಲೇಬೇಕಾದ್ರೆ ಮೂಳೆಯನ್ನ ಸಣ್ಣ ಚೂರು ಮಾಡಿ ಆಳವಾದ, ಓಡುವ ನೀರಿಗೆ ಎಸೀರಿ. ಇಡೀ ಅಸ್ಥಿಪಂಜರ ದಂಡೆಯ ಮಡುವಲ್ಲಿ ನಿಂತರೆ ಕರಡಿಗೆ ಆಹ್ವಾನ.

ಕಡಲಮನೆ:
ಸಾಕೈ ರವಾ ಫ್ರೈ ಆಗುತ್ತಾ? ಅಂಜಲ್ ತರಹ?

ಬ್ಯಾಡಗಿಖಾರ:
ಆಗುತ್ತೆ, ಆದ್ರೆ ಅಂಜಲ್ ಲೆಕ್ಕದಲ್ಲಿ ಕಾಯಿಸಿದ್ರೆ ಹಲಗೆ ಆಗುತ್ತೆ. ಸಾಕೈಯಲ್ಲಿ ಸಾಕಿದ ಸಾಲ್ಮನ್‌ಗಿಂತ ಕೊಬ್ಬು ಕಡಿಮೆ. ಚರ್ಮ ಇಟ್ಟೇ ಮುಕ್ಕಾಲು ಇಂಚಿನ ತುಂಡು ಮಾಡಿ. ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ಅರಿಸಿನ, ಉಪ್ಪು ಸವರಿ ಹದಿನೈದು ನಿಮಿಷ ಮಾತ್ರ ಬಿಡಿ. ಹುಣಸೆ ರಸ ಅರೆಚಮಚ ಸಾಕು, ಹೆಚ್ಚಾದ್ರೆ ಮಾಂಸ ಹುಳಿಗೆ ಬೆಂದಂತಾಗಿ ಪುಡಿ ಆಗುತ್ತೆ. ಚರ್ಮದ ಕಡೆ ಮೂರು ನಿಮಿಷ, ತಿರುಗಿಸಿ ಒಂದೂವರೆ ನಿಮಿಷ, ಇಳಿಸಿಬಿಡಿ.

ಅದಕ್ಕೂ ಮೊದಲು ದಂಡೆಯಲ್ಲೇ ಮಾಡಬೇಕಾದ್ದಿದೆ. ತಲೆಗೆ ಹೊಡೆದ ಕೂಡಲೇ ಕಿವಿರಿನ ಕಮಾನು ಕತ್ತರಿಸಿ ಐದು ನಿಮಿಷ ಹರಿಯುವ ನೀರಲ್ಲಿ ಹಿಡೀರಿ, ರಕ್ತ ಪೂರ್ತಿ ಹೋಗಬೇಕು. ರಕ್ತ ಉಳಿದ್ರೆ ಆ ನೀಚು ವಾಸನೆ ಯಾವ ಮಸಾಲೆಗೂ ಬಗ್ಗಲ್ಲ. ಆಮೇಲೆ ಐಸ್. ಹಸಿಯಾಗಿ ತಿನ್ನೋ ಯೋಚನೆ ಇದ್ರೆ ಮೈನಸ್ 20 ಡಿಗ್ರಿಯಲ್ಲಿ ಏಳು ದಿನ ಇಡಲೇಬೇಕು, ಕಾಡು ಸಾಲ್ಮನ್‌ನಲ್ಲಿ ಹುಳ ಇರುತ್ತೆ.

ನಡುದಂಡೆ:
ಅಡುಗೆಮನೆಯಿಂದ ಹೊಳೆಗೆ ವಾಪಸ್ ಬರೋಣ. ಮೇಲಿನ ಕೀನೈಯನ್ನ ದೋಣಿಯಲ್ಲಿ ಇಳಿಯೋರಿಗೆ: ಜಿಮ್ಸ್ ಲ್ಯಾಂಡಿಂಗ್ ತಪ್ಪಿಸಿಕೊಂಡ್ರೆ ಮುಂದೆ ಕೀನೈ ಕಣಿವೆಯ ಅಪಾಯಕಾರಿ (ಮೂರನೇ ದರ್ಜೆಯ) ರಭಸ, ಅದಾದ ಮೇಲೆ ಸ್ಕಿಲಾಕ್ ಸರೋವರ, ಹಿಮಬಯಲಿಂದ ಗಾಳಿ ಎದ್ದರೆ ಅಲೆಗೆ ದೋಣಿ ತುಂಬುತ್ತೆ. ನಡುವೆ ದಡಕ್ಕೆ ಎಳೆಯೋ ಜಾಗ ಇಲ್ಲ. ಮೊದಲ ಸಲ ಹೋಗೋರು ಹುಟ್ಟು ಹಾಕೋ ಅನುಭವಿ ಗೈಡ್ ಇಲ್ಲದೆ ಇಳೀಬೇಡಿ.

ಸೆಳವು:
ನಡೆದು ಇಳಿಯೋರಿಗೂ ಒಂದು ಮಾತು. ಬೇಸಿಗೆಯಲ್ಲೂ ನೀರು ಹತ್ತು ಡಿಗ್ರಿ ಆಚೀಚೆ. ಬಿದ್ದ ಮೊದಲ ನಿಮಿಷ ಉಸಿರು ಹಿಡಿತಕ್ಕೆ ಸಿಗಲ್ಲ. ವೇಡರ್ (ನೀರು ಒಳಬರದ ಎದೆಮಟ್ಟದ ಉಡುಪು) ಮೇಲೆ ಸೊಂಟಪಟ್ಟಿ ಬಿಗಿಯಾಗಿರಲಿ, ರಬ್ಬರ್ ಅಟ್ಟೆಗೆ ಲೋಹದ ಮೊಳೆ ಇರಲಿ, ಕೈಯಲ್ಲಿ ಕೋಲು. ನೀರಿನ ಬಣ್ಣದಿಂದಾಗಿ ತಳ ಕಾಣಲ್ಲ, ಎರಡಡಿ ಅನಿಸಿದ್ದು ನಾಲ್ಕಡಿ ಇರುತ್ತೆ. ಕೋಲು ಊರದೆ ಹೆಜ್ಜೆ ಇಡಬೇಡಿ. ಮತ್ತೆ ಜಲ್ಲಿಯಲ್ಲಿ ತೊಳೆದಂತೆ ತಿಳಿಬಣ್ಣದ ಅಗಲ ಮಚ್ಚೆ ಕಂಡರೆ ಅದು ಸಾಲ್ಮನ್ ಮೊಟ್ಟೆಗೂಡು, ಸುತ್ತಿಕೊಂಡು ಹೋಗಿ. ಒಂದು ಹೆಜ್ಜೆಗೆ ಎಷ್ಟೋ ಮೊಟ್ಟೆ ಒಡೆಯುತ್ತೆ.

ಹೊಳೆಸಾಲು:
ಎಲ್ಲರಿಗೂ ಕೃತಜ್ಞತೆ. ಗಾಳ ಒಂದೂವರೆ ಇಂಚಿಗೆ ತಂದಾಯ್ತು, ಸಣ್ಣ ಗುಂಡು ಹಾಕಾಯ್ತು. ಕೊನೆಯದೊಂದು: ಮುಂದೆ ಸೆಪ್ಟೆಂಬರ್‌ನಲ್ಲಿ ಹೋಗೋದಾದ್ರೆ ನೀರು ಇಳಿದಿರುತ್ತೆ ಅಂತ ನಂಬಬಹುದಾ?

ಹಿಮಗಲ್ಲು:
ಹೆಚ್ಚಿನ ವರ್ಷ ನಂಬಬಹುದು. ಆದ್ರೆ ಸ್ನೋ ರಿವರ್ ಮೇಲ್ಗಡೆ ಹಿಮನದಿಯೇ ಅಣೆಕಟ್ಟಾಗಿ ನಿಂತ ಒಂದು ಕೆರೆ ಇದೆ. ಎರಡು ಮೂರು ವರ್ಷಕ್ಕೊಮ್ಮೆ, ಹೆಚ್ಚಾಗಿ ಶರತ್ಕಾಲದ ಆಸುಪಾಸು, ನೀರು ಮಂಜುಗಡ್ಡೆಯ ಅಡಿಯಲ್ಲಿ ಸುರಂಗ ಕೊರೆದುಕೊಂಡು ಇಡೀ ಕೆರೆ ಖಾಲಿ ಆಗುತ್ತೆ. ಆಗ ಕೀನೈ ಸರೋವರ ಕೆಲವೇ ದಿನದಲ್ಲಿ ಅಡಿಗಟ್ಟಲೆ ಏರಿ ಕೂಪರ್ ಲ್ಯಾಂಡಿಂಗ್‌ನ ತಗ್ಗು ದಂಡೆಗಳಿಗೆ ನೀರು ನುಗ್ಗುತ್ತೆ. ಹವಾಮಾನ ಇಲಾಖೆ ಮುನ್ನೆಚ್ಚರಿಕೆ ಕೊಡುತ್ತೆ, ಮಾಪಕದ ಗೆರೆ ಮಳೆಯೇ ಇಲ್ಲದೆ ಕಡಿದಾಗಿ ಎದ್ದರೆ ಅದೇ.

ಬೆಂಡುನೋಟ:
ಆ ವಾರ ಹೋಗಲೇಬೇಕಾದ್ರೆ ದೋಣಿ ಬೇಡ, ನಡುಹೊಳೆಯೂ ಬೇಡ. 10 ಮಿ.ಮೀ. ಮಣಿ, ಬೆಂಡಿನ ಕೆಳಗೆ ಮೂರಡಿ ದಾರ, ಗುಂಡು ಒಂದೇ. ಹುಲ್ಲು ಮುಳುಗಿದ ಅಂಚಲ್ಲಿ, ಮೊಣಕಾಲುದ್ದ ನೀರಲ್ಲಿ, ಸೆಳವು ನಿಧಾನ ಆಗಿರೋ ಗೆರೆ ಹುಡುಕಿ. ಟ್ರೌಟ್ ಅಲ್ಲಿಗೇ ಬಂದಿರುತ್ತೆ.